ಕೊಬ್ಬು ಕರಗಿಸಿಕೊಳ್ಳುವುದು ಮೊದಲೋ, ರೆಫರಲ್ ಕೇಳುವುದು ಮೊದಲೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಒಂದೇ ಸಂಸ್ಥೆಯ ಸರಕು ಸಾಗಣೆ ವಿಭಾಗದಲ್ಲಿ 11 ವರ್ಷ ಕೆಲಸ ಮಾಡಿದ್ದೆ. ಐದು ತಿಂಗಳ ಹಿಂದೆ ಆ ವಿಭಾಗವನ್ನೇ ಮುಚ್ಚಿದ್ದರಿಂದ ಕೆಲಸ ಹೋಯಿತು. ಅಂದಿನಿಂದ ಸುಮಾರು 60 ಹುದ್ದೆಗಳಿಗೆ ಕಂಪನಿಗಳ ಜಾಲತಾಣದ ಮೂಲಕ ಅರ್ಜಿ ಹಾಕಿದ್ದೇನೆ. ಕರೆ ಬಂದದ್ದು ಎರಡು ಕಡೆಯಿಂದ ಮಾತ್ರ. ಎರಡೂ ವಿಡಿಯೊ ಸಂದರ್ಶನಗಳು, ಎರಡರಲ್ಲೂ ಮುಂದಿನ ಸುತ್ತಿಗೆ ಕರೆಯಲಿಲ್ಲ.

ಎರಡನೆಯ ಸಂದರ್ಶನಕ್ಕೆ ಮೊದಲು ಅಭ್ಯಾಸಕ್ಕೆಂದು ನನ್ನ ಮಾತನ್ನು ನಾನೇ ರೆಕಾರ್ಡ್ ಮಾಡಿ ನೋಡಿದೆ. ಉತ್ತರಗಳಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಗದ್ದದ ಕೆಳಗೆ ಜೋತುಬಿದ್ದ ಇನ್ನೊಂದು ಗದ್ದ ಮತ್ತು ಕುಳಿತಾಗ ಅಂಗಿಯ ಗುಂಡಿಗಳ ನಡುವೆ ಉಬ್ಬಿ ಬರುವ ಹೊಟ್ಟೆಯ ಮಡಿಕೆ. ಅಂದಿನಿಂದ ಕ್ಯಾಮೆರಾ ತೆರೆದರೆ ನನಗೆ ಬೇರೇನೂ ಕಾಣುವುದಿಲ್ಲ. ತೂಕ ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ಇದೆ, ನಡೆಯುವ ಅಭ್ಯಾಸವೂ ಇದೆ, ಆದರೂ ಈ ಎರಡು ಜಾಗಗಳು ಕರಗಿಲ್ಲ.

ಜೊತೆಯಲ್ಲಿ ದುಡಿದಿದ್ದ ಇಬ್ಬರು ಮೂವರು ಈಗ ಒಳ್ಳೆಯ ಸಂಸ್ಥೆಗಳಲ್ಲಿದ್ದಾರೆ. ಅವರಲ್ಲಿ ರೆಫರಲ್ ಕೇಳಬಹುದು, ಅಂದರೆ ತಮ್ಮ ಸಂಸ್ಥೆಯಲ್ಲಿ ನನ್ನ ಹೆಸರು ಸೂಚಿಸಿ ಎನ್ನಬಹುದು. ಆದರೆ ನಾಲ್ಕೈದು ವರ್ಷ ಮಾತೇ ಆಡಿಸದೆ ಇದ್ದು, ಈಗ ಕೆಲಸವಿಲ್ಲದಾಗ ಮುಖ ತೋರಿಸಲು ಸಂಕೋಚ. ಆದ್ದರಿಂದ ಮೊದಲು ಕೊಬ್ಬನ್ನು ಹೆಪ್ಪುಗಟ್ಟಿಸಿ ತೆಗೆಯುವ ಚಿಕಿತ್ಸೆ ಮಾಡಿಸಿಕೊಂಡು, ನೋಡಲು ಸ್ವಲ್ಪ ಸರಿಯಾದ ಮೇಲೆ ಅವರನ್ನು ಸಂಪರ್ಕಿಸಬೇಕೆಂದುಕೊಂಡಿದ್ದೇನೆ. ಈ ಕ್ರಮ ಸರಿಯೇ? ಯಾವ ಚಿಕಿತ್ಸೆ ಸುರಕ್ಷಿತ? ರೆಫರಲ್ ಅನ್ನು ಹೇಗೆ ಕೇಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಚರ್ಮರೋಗ ವೈದ್ಯೆ

ನಿಮ್ಮ ಪ್ರಶ್ನೆಯ ವೈದ್ಯಕೀಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಚರ್ಮದ ಅಡಿಯಲ್ಲೇ ಇರುವುದು ಒಂದು. ಅದನ್ನು ಎರಡು ಬೆರಳುಗಳಲ್ಲಿ ಹಿಡಿದು ಎತ್ತಬಹುದು. ಇನ್ನೊಂದು ಸ್ನಾಯುಗಳ ಹಿಂದೆ, ಕರುಳು ಮತ್ತು ಯಕೃತ್ತಿನ ಸುತ್ತ ಇರುತ್ತದೆ. ಅದು ಹೊಟ್ಟೆಯನ್ನು ಗಟ್ಟಿಯಾಗಿ ಮುಂದಕ್ಕೆ ತಳ್ಳುತ್ತದೆಯೇ ಹೊರತು ಹಿಡಿಗೆ ಸಿಗುವುದಿಲ್ಲ. ಹೊರಗಿನಿಂದ ಮಾಡುವ ಯಾವ ಯಂತ್ರವೂ, ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಕೂಡ, ಎರಡನೆಯದನ್ನು ಮುಟ್ಟಲಾರದು. ಅದು ಮುಖ್ಯವಾಗಿ ಕಡಿಮೆಯಾಗುವುದು ಒಟ್ಟು ತೂಕ ಇಳಿದಾಗ. ನಿಮ್ಮದು ಬೆರಳಿಗೆ ಸಿಗುವ ಮಡಿಕೆಯೇ ಎಂಬುದು ಮೊದಲ ಪ್ರಶ್ನೆ.

ನೀವು ಹೇಳಿದ ಹೆಪ್ಪುಗಟ್ಟಿಸುವ ಚಿಕಿತ್ಸೆಯ ಹೆಸರು ಕ್ರಯೊಲಿಪೊಲಿಸಿಸ್. ಐಸ್ ಕ್ಯಾಂಡಿ ಚೀಪುವ ಮಕ್ಕಳ ಕೆನ್ನೆಯಲ್ಲಿ ಚರ್ಮ ಚೆನ್ನಾಗಿಯೇ ಇದ್ದು, ಅದರ ಅಡಿಯ ಕೊಬ್ಬು ಮಾತ್ರ ಗಂಟುಕಟ್ಟಿ ಕುಗ್ಗುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಚಳಿಗೆ ಚರ್ಮದ ಜೀವಕೋಶಕ್ಕಿಂತ ಕೊಬ್ಬಿನ ಜೀವಕೋಶ ಬೇಗ ಸೋಲುತ್ತದೆ ಎಂಬ ಈ ಸಂಗತಿಯನ್ನೇ ಹಿಡಿದು ಹಾರ್ವರ್ಡ್‌ನ ಡೀಟರ್ ಮಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ಈ ವಿಧಾನವನ್ನು ಬೆಳೆಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಸೊಂಟದ ಪಕ್ಕದ ಕೊಬ್ಬಿಗೂ, 2012ರಲ್ಲಿ ಹೊಟ್ಟೆಗೂ, 2015ರಲ್ಲಿ ಗದ್ದದ ಕೆಳಭಾಗಕ್ಕೂ ಇದಕ್ಕೆ ಅನುಮತಿ ಕೊಟ್ಟಿತು. ಒಂದು ಜಾಗಕ್ಕೆ ಸಾಮಾನ್ಯವಾಗಿ 35ರಿಂದ 60 ನಿಮಿಷ ಹಿಡಿಯುತ್ತದೆ. ಸತ್ತ ಕೊಬ್ಬಿನ ಕೋಶಗಳನ್ನು ದೇಹ ನಿಧಾನವಾಗಿ ತೆರವುಗೊಳಿಸುವುದರಿಂದ ಫಲಿತಾಂಶ ಕಾಣಲು ಎರಡು ಮೂರು ತಿಂಗಳು ಬೇಕು. ಆಗಲೂ ಆ ಜಾಗದ ಕೊಬ್ಬಿನ ಪದರ ಕಡಿಮೆಯಾಗುವುದು ಸರಾಸರಿ 20ರಿಂದ 25 ಪ್ರತಿಶತ. ನೂರರಲ್ಲಿ ಎಪ್ಪತ್ತೈದು ಪಾಲು ಅಲ್ಲೇ ಉಳಿಯುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ತೂಕದ ಯಂತ್ರದಲ್ಲಂತೂ ವ್ಯತ್ಯಾಸ ಕಾಣುವುದೇ ಇಲ್ಲ.

ಕೆಂಪಾಗುವುದು, ಬಾವು, ಕಂದುಗಟ್ಟುವುದು, ಕೆಲವು ವಾರಗಳವರೆಗೆ ಜೋಮು ಹಿಡಿದಂತಿರುವುದು ಸಾಮಾನ್ಯ; ಅವು ತಾವಾಗಿಯೇ ಹೋಗುತ್ತವೆ. ಅಪರೂಪದ ಒಂದು ತೊಂದರೆಯನ್ನು ಮಾತ್ರ ನೀವು ತಿಳಿದೇ ಮುಂದುವರಿಯಬೇಕು. ಚಿಕಿತ್ಸೆ ಮಾಡಿದ ಜಾಗದಲ್ಲಿ ಕೊಬ್ಬು ಕುಗ್ಗುವ ಬದಲು ಕೆಲವು ತಿಂಗಳುಗಳಲ್ಲಿ ಗಟ್ಟಿಯಾಗಿ ಬೆಳೆದುಬಿಡುತ್ತದೆ. ಇದನ್ನು ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ ಎನ್ನುತ್ತಾರೆ. 2014ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರದಿಯಾಯಿತು. 2021ರಲ್ಲಿ ರೂಪದರ್ಶಿ ಲಿಂಡಾ ಇವ್ಯಾಂಜೆಲಿಸ್ಟಾ ತಮಗೆ ಹೀಗಾಗಿದೆ ಎಂದು ಬಹಿರಂಗವಾಗಿ ಹೇಳಿದ ಮೇಲೆ ಜನರಿಗೆ ಗೊತ್ತಾಯಿತು. ಗಂಡಸರಲ್ಲಿ ಇದು ತುಸು ಹೆಚ್ಚು. ತಾನಾಗಿ ಕರಗುವುದಿಲ್ಲ, ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಚಳಿಗೆ ರಕ್ತದಲ್ಲಿ ತೊಂದರೆಯಾಗುವ ಕ್ರಯೊಗ್ಲಾಬ್ಯುಲಿನೀಮಿಯಾದಂತಹ ಕಾಯಿಲೆಗಳಿರುವವರು ಈ ಚಿಕಿತ್ಸೆಯನ್ನು ಮಾಡಿಸಿಕೊಳ್ಳಲೇಬಾರದು. ಹೊಟ್ಟೆಯಲ್ಲಿ ಹರ್ನಿಯಾ ಇದ್ದರೆ, ಅಥವಾ ಹಿಂದೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಮೊದಲೇ ಹೇಳಬೇಕು.

ಗದ್ದದ ವಿಷಯ ಬೇರೆ. ಎರಡನೆಯ ಗದ್ದ ಕಾಣುವುದಕ್ಕೆ ಕೊಬ್ಬು ಒಂದೇ ಕಾರಣವಲ್ಲ. ಕೆಳದವಡೆಯ ಮೂಳೆ ಸ್ವಲ್ಪ ಹಿಂದಕ್ಕಿರುವುದು, ಚರ್ಮ ಸಡಿಲವಾಗಿರುವುದು, ಕುತ್ತಿಗೆಯ ಮುಂಭಾಗದ ಸ್ನಾಯು ಇಳಿಬಿದ್ದಿರುವುದು, ದವಡೆಯ ಕೆಳಗಿನ ಲಾಲಾಗ್ರಂಥಿ ಉಬ್ಬಿರುವುದು, ಹೀಗೆ ಕಾರಣಗಳು ಹಲವು. ಮೂಳೆಯ ರಚನೆಯಿಂದ ಬಂದದ್ದಕ್ಕೆ ಕೊಬ್ಬು ಕರಗಿಸಿದರೆ ಹಣ ಹೋಗುತ್ತದೆ, ಗದ್ದ ಹಾಗೆಯೇ ಇರುತ್ತದೆ. ಕೈಯಿಂದ ಮುಟ್ಟಿ ಪರೀಕ್ಷಿಸದೆ, ಬರೀ ಫೋಟೊ ನೋಡಿ ಚಿಕಿತ್ಸೆ ಹೇಳುವವರ ಬಳಿ ಹೋಗಬೇಡಿ.

ಉತ್ತರ 2: ನೇಮಕಾತಿ ವಿಭಾಗದಲ್ಲಿರುವವರು

ವೈದ್ಯರು ಹೇಳಿದ ಎರಡು ಮೂರು ತಿಂಗಳ ಮಾತನ್ನು ನಿಮ್ಮ ಯೋಜನೆಗೆ ಹೊಂದಿಸಿ ನೋಡಿ. ಈಗಾಗಲೇ ಐದು ತಿಂಗಳಾಗಿದೆ. ಚಿಕಿತ್ಸೆಯ ಫಲ ಕಂಡ ಮೇಲೆ ಸ್ನೇಹಿತರಿಗೆ ಬರೆಯುವುದಾದರೆ ಎಂಟು ತಿಂಗಳಾಗುತ್ತದೆ. ರೆಸ್ಯೂಮ್‌ನಲ್ಲಿ ಬೆಳೆಯುತ್ತಿರುವ ಆ ಅಂತರವನ್ನು ಸಂದರ್ಶಕರು ಗದ್ದಕ್ಕಿಂತ ಮೊದಲು ಗಮನಿಸುತ್ತಾರೆ.

ಹಾಗೆಂದು ನಿಮ್ಮ ಆತಂಕ ಬರೀ ಕಲ್ಪನೆ ಎಂದು ನಾನು ಹೇಳುವುದಿಲ್ಲ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಡಾನ್-ಓಲೋಫ್ ರೂತ್ ಒಂದೇ ಬಗೆಯ ಅರ್ಹತೆಯ ಅರ್ಜಿಗಳಿಗೆ, ಮುಖ ದಪ್ಪವಾಗಿ ಕಾಣುವಂತೆ ಬದಲಿಸಿದ ಭಾವಚಿತ್ರ ಮತ್ತು ಬದಲಿಸದ ಭಾವಚಿತ್ರಗಳನ್ನು ಅಂಟಿಸಿ ಕಳುಹಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದಪ್ಪವಾಗಿ ಕಂಡವರಿಗೆ ಬಂದ ಕರೆಗಳು ಗಂಡಸರಲ್ಲಿ ಸುಮಾರು 6 ಪ್ರತಿಶತ ಅಂಶಗಳಷ್ಟು, ಹೆಂಗಸರಲ್ಲಿ ಸುಮಾರು 8 ಪ್ರತಿಶತ ಅಂಶಗಳಷ್ಟು ಕಡಿಮೆಯಾಗಿದ್ದವು. ಇದು ಅನ್ಯಾಯ. ಅನ್ಯಾಯವೆಂದು ಗೊತ್ತಿದ್ದೂ ನಮ್ಮ ಕ್ಷೇತ್ರದಲ್ಲಿ ನಡೆಯುತ್ತಿದೆ. ಆದರೆ ಅಲ್ಲಿ ಅಳೆದದ್ದು ಸ್ಥೂಲಕಾಯವನ್ನು. ಗದ್ದದ ಕೆಳಗಿನ ಒಂದು ಮಡಿಕೆಯನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ಆ ತಾರತಮ್ಯ ನಡೆದದ್ದು ಅಪರಿಚಿತನೊಬ್ಬ ಅಪರಿಚಿತನ ಫೋಟೊ ನೋಡಿದಾಗ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರೊಬ್ಬರು ಒಳಗಿನಿಂದ ನಿಮ್ಮ ಹೆಸರು ಹೇಳಿದಾಗ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಆ ಮಾತು. ಅಂದರೆ ನಿಮ್ಮ ಆತಂಕಕ್ಕೇ ರೆಫರಲ್ ಒಂದು ಮದ್ದು. ಆ ಮದ್ದನ್ನು ನೀವು ಚಿಕಿತ್ಸೆ ಮುಗಿಯುವವರೆಗೆ ಮುಚ್ಚಿಡಲು ಹೊರಟಿದ್ದೀರಿ.

ರೆಫರಲ್‌ನಲ್ಲಿ ಏನು ನಡೆಯುತ್ತದೆ ಎಂದರೆ, ನೌಕರರು ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ಹುದ್ದೆಯ ಸಂಖ್ಯೆಯನ್ನು ಆಯ್ದು, ನಿಮ್ಮ ಹೆಸರು ಮತ್ತು ರೆಸ್ಯೂಮ್ ಸೇರಿಸುತ್ತಾರೆ. ಆ ಅರ್ಜಿಗಳು ನಮಗೆ ಬೇರೆ ಗುರುತಿನೊಂದಿಗೆ ಕಾಣಿಸುತ್ತವೆ, ಮತ್ತು ಸಾಮಾನ್ಯವಾಗಿ ಅವನ್ನು ಮೊದಲು ತೆರೆಯುತ್ತೇವೆ. ಕೆಲಸ ಸಿಗುತ್ತದೆಂಬ ಭರವಸೆ ಅದರಲ್ಲಿಲ್ಲ. ಮನುಷ್ಯರೊಬ್ಬರು ಓದುತ್ತಾರೆಂಬ ಭರವಸೆ ಮಾತ್ರ ಬಹುಮಟ್ಟಿಗೆ ಇದೆ. ಅರವತ್ತು ಅರ್ಜಿಗಳಲ್ಲಿ ನಿಮಗೆ ಸಿಗದೆ ಹೋದದ್ದು ಅದೇ ಎಂದು ನನ್ನ ಊಹೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಹಲವು ಸಂಸ್ಥೆಗಳಲ್ಲಿ ನೀವು ಮೊದಲೇ ಜಾಲತಾಣದ ಮೂಲಕ ಅರ್ಜಿ ಹಾಕಿದ್ದರೆ ನಿಮ್ಮ ಹೆಸರು ದಾಖಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಯಾರೂ ರೆಫರ್ ಮಾಡಲಾಗುವುದಿಲ್ಲ. ಈ ತಡೆ ಕೆಲವು ಕಡೆ ಆರು ತಿಂಗಳು, ಕೆಲವು ಕಡೆ ಒಂದು ವರ್ಷ ಇರುತ್ತದೆ. ಆದ್ದರಿಂದ ಪರಿಚಯದವರಿರುವ ಸಂಸ್ಥೆಗೆ ಕೇಳುವ ಮೊದಲು ಅರ್ಜಿ ಹಾಕಬೇಡಿ. ರೆಸ್ಯೂಮ್‌ನಲ್ಲಿ ಭಾವಚಿತ್ರ ಇದ್ದರೆ, ಅವರಾಗಿ ಕೇಳದ ಹೊರತು ತೆಗೆದುಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೊಟ್ಟೆಯ ಮಡಿಕೆ ಬೆರಳಿಗೆ ಸಿಗುತ್ತದೆ. ಆದರೆ ನಾಲ್ಕು ವರ್ಷಗಳ ಹಿಂದೆ ಹೊಕ್ಕುಳಿನ ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ ಆಗಿದೆ. ಫೋನಿನಲ್ಲಿ ವಿಚಾರಿಸಿದ ಎರಡು ಕ್ಲಿನಿಕ್‌ಗಳೂ ಈ ಬಗ್ಗೆ ಏನನ್ನೂ ಕೇಳಲೇ ಇಲ್ಲ, ಮುಂಗಡ ಕಟ್ಟಿದರೆ ರಿಯಾಯಿತಿ ಇದೆ ಎಂದಷ್ಟೇ ಹೇಳಿದವು. ನಮ್ಮ ತಂದೆಯವರ ಗದ್ದವೂ ನನ್ನಂತೆಯೇ ಇತ್ತು ಎಂಬುದು ನಿಮ್ಮ ಉತ್ತರ ಓದಿದ ಮೇಲೆ ನೆನಪಾಯಿತು.

ಗದ್ದಕ್ಕೆ ಇಂಜೆಕ್ಷನ್ ಇದೆ, ಒಂದು ವಾರದಲ್ಲಿ ಫಲಿತಾಂಶ ಎಂದು ಒಂದು ಕಡೆ ಓದಿದೆ. ಅದು ನಿಜವೇ? ಸ್ನೇಹಿತರಿಗೆ ಬರೆಯುವ ವಿಷಯದಲ್ಲಿ, ಬರೆಯಬೇಕೆಂದು ಒಪ್ಪಿದೆ. ಆದರೆ ಎರಡು ದಿನದಿಂದ ಮೊದಲ ವಾಕ್ಯ ಹೊಳೆಯದೆ ಕುಳಿತಿದ್ದೇನೆ.

ಉತ್ತರ 3: ಇಂಜೆಕ್ಷನ್ ಮಾಡಿಸಿಕೊಂಡವರು

ಒಂದು ವಾರದಲ್ಲಿ ಫಲಿತಾಂಶ ಎಂಬುದು ಸುಳ್ಳು. ಒಂದು ವಾರದಲ್ಲಿ ಏನಾಗುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ.

ಆ ಔಷಧದ ಹೆಸರು ಡಿಆಕ್ಸಿಕೋಲಿಕ್ ಆಮ್ಲ. ಕೊಬ್ಬನ್ನು ಜೀರ್ಣಿಸಲು ನೆರವಾಗುವ ಪಿತ್ತರಸದಲ್ಲಿ ಇದು ಸಹಜವಾಗಿಯೇ ಇರುತ್ತದೆ. ಚುಚ್ಚಿದ ಜಾಗದಲ್ಲಿ ಕೊಬ್ಬಿನ ಕೋಶದ ಪೊರೆಯನ್ನೇ ಒಡೆಯುತ್ತದೆ. ಗದ್ದದ ಕೆಳಗಿನ ಕೊಬ್ಬಿಗೆ ಎಫ್‌ಡಿಎ 2015ರಲ್ಲಿ ಇದನ್ನು ಅನುಮೋದಿಸಿತು. ಒಂದೊಂದು ಸೆಂಟಿಮೀಟರ್ ದೂರದಲ್ಲಿ ಸಣ್ಣ ಸಣ್ಣ ಚುಚ್ಚುಗಳು, ಒಂದು ಸಲಕ್ಕೆ ಗರಿಷ್ಠ 50. ಒಂದು ತಿಂಗಳಾದರೂ ಅಂತರವಿಟ್ಟು ಗರಿಷ್ಠ ಆರು ಸಲ. ನನಗೆ ಮೂರು ಸಲ ಬೇಕಾಯಿತು. ಮೊದಲ ಸಲದ ಮರುದಿನ ಗದ್ದದಿಂದ ಗಂಟಲವರೆಗೆ ಊದಿಕೊಂಡು, ಇದ್ದದ್ದಕ್ಕಿಂತ ಎರಡರಷ್ಟು ದಪ್ಪವಾಗಿ ಕಂಡಿತು. ಆ ಬಾವು ಇಳಿಯಲು ಹತ್ತು ದಿನ ಬೇಕಾಯಿತು, ಅಷ್ಟು ದಿನವೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಹೋದೆ.

ಎರಡನೆಯ ಸಲ ಇನ್ನೊಂದು ತೊಂದರೆಯಾಯಿತು. ಕೆಳತುಟಿಯನ್ನು ಕೆಳಕ್ಕೆಳೆಯುವ ನರವೊಂದು ದವಡೆಯ ಅಂಚಿನಲ್ಲೇ ಹಾದುಹೋಗುತ್ತದೆಯಂತೆ. ಔಷಧ ಅದಕ್ಕೆ ತಗುಲಿ ನನ್ನ ನಗು ಒಂದು ಕಡೆಗೆ ಸೊಟ್ಟಗಾಯಿತು. ಸುಮಾರು ಆರು ವಾರಗಳಲ್ಲಿ ಪೂರ್ತಿ ಸರಿಹೋಯಿತು. ಹೀಗಾದರೆ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ ಎಂದು ವೈದ್ಯರು ಮೊದಲೇ ಲಿಖಿತವಾಗಿ ತಿಳಿಸಿದ್ದರು, ಆದರೆ ಓದುವಾಗ ಇದ್ದ ಧೈರ್ಯ ಕನ್ನಡಿಯ ಮುಂದೆ ಉಳಿಯಲಿಲ್ಲ. ಆ ಆರು ವಾರಗಳಲ್ಲಿ ಸಂದರ್ಶನವಿದ್ದಿದ್ದರೆ ನಾನು ಹೋಗುತ್ತಿರಲಿಲ್ಲ.

ಇಷ್ಟಾದರೂ ಕೊನೆಗೆ ಬಂದ ರೂಪ ನನಗೆ ತೃಪ್ತಿ ತಂದಿದೆ. ಮಾಡಿಸಿಕೊಳ್ಳಬೇಡಿ ಎಂದು ಹೇಳುವ ಉದ್ದೇಶ ನನ್ನದಲ್ಲ. ಕೆಲಸ ಹುಡುಕುವ ಕಾಲ ಇದಕ್ಕೆ ತಕ್ಕದ್ದಲ್ಲ ಎಂಬುದಷ್ಟೇ ನನ್ನ ಅನುಭವ.

ಉತ್ತರ 4: ಹಲವರನ್ನು ರೆಫರ್ ಮಾಡಿರುವವರು

ನನ್ನ ಸಂಸ್ಥೆಯಲ್ಲಿ ಕಳೆದ ಏಳೆಂಟು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ರೆಫರ್ ಮಾಡಿದ್ದೇನೆ. ಕೇಳಿಸಿಕೊಳ್ಳುವವರ ಕಡೆಯಿಂದ ಎರಡು ಮಾತು.

ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಇನ್ನೊಂದು ಬದಿಯಿಂದ ಅದು ಹಾಗೆ ಕಾಣುವುದೇ ಇಲ್ಲ. ಹಳೆಯ ಸಹೋದ್ಯೋಗಿಯೊಬ್ಬರು ಐದು ವರ್ಷಗಳ ನಂತರ ಬರೆದರೆ ನನಗೆ ಮೊದಲು ನೆನಪಾಗುವುದು ಅವರ ಜೊತೆ ಮಾಡಿದ ಕೆಲಸ. ಇಷ್ಟು ದಿನ ಎಲ್ಲಿದ್ದರು ಎಂಬ ಲೆಕ್ಕ ಹಾಕಿದ ನೆನಪು ನನಗಿಲ್ಲ. ಹಲವು ಸಂಸ್ಥೆಗಳಲ್ಲಿ ರೆಫರ್ ಮಾಡಿದವರಿಗೆ, ಬಂದವರು ಕೆಲವು ತಿಂಗಳು ಉಳಿದ ಮೇಲೆ, ಬಹುಮಾನದ ಹಣವೂ ಸಿಗುತ್ತದೆ. ನೀವು ಭಿಕ್ಷೆ ಕೇಳುತ್ತಿಲ್ಲ. ತಕ್ಕ ಜನರನ್ನು ಹುಡುಕುತ್ತಿರುವ ಸಂಸ್ಥೆಗೆ ಅವರ ಮೂಲಕ ಒಂದು ಹೆಸರು ಕೊಡುತ್ತಿದ್ದೀರಿ.

ತುಂಬ ಹತ್ತಿರದವರನ್ನು ಮಾತ್ರ ಕೇಳಬೇಕೆಂಬ ನಂಬಿಕೆಯನ್ನೂ ಬಿಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿದಾಗ, ಆ ಪರಿಚಯದವರನ್ನು ಮೇಲಿಂದ ಮೇಲೆ ಭೇಟಿಯಾಗುತ್ತಿದ್ದವರು ಸುಮಾರು 17 ಪ್ರತಿಶತ ಮಾತ್ರ. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಅಥವಾ ತೀರ ಅಪರೂಪಕ್ಕೆ ಕಾಣುತ್ತಿದ್ದವರ ಮೂಲಕ ಕೆಲಸ ಕಂಡುಕೊಂಡಿದ್ದರು. ಉದ್ಯೋಗಿಗಳ ಸಂಪರ್ಕ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಸುಮಾರು 2 ಕೋಟಿ ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಹೇಳಿತು, ಒಂದು ತಿದ್ದುಪಡಿಯೊಂದಿಗೆ: ತೀರ ಹತ್ತಿರದವರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ನಡುವಿನ ಪರಿಚಯಗಳೇ ಹೊಸ ಕೆಲಸಕ್ಕೆ ಹೆಚ್ಚು ನೆರವಾದವು. ಕಾರಣ ಸರಳ. ನಿಮ್ಮ ಹತ್ತಿರದವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ದೂರದವರು ಬೇರೆ ವಲಯದ ಸುದ್ದಿ ತರುತ್ತಾರೆ. ನಾಲ್ಕೈದು ವರ್ಷ ಮಾತಾಡದ ಆ ಇಬ್ಬರು ಮೂವರು ಸರಿಯಾಗಿ ಈ ನಡುವಿನ ಜಾಗದಲ್ಲಿದ್ದಾರೆ.

ಮೊದಲ ವಾಕ್ಯ ಹೊಳೆಯದಿದ್ದರೆ ಒಟ್ಟಿಗೆ ಮಾಡಿದ ಒಂದು ಕೆಲಸದಿಂದ ಆರಂಭಿಸಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ನಮಸ್ಕಾರ. ಗೋದಾಮಿನ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಬದಲಾಯಿಸಿದ ಆ ಮೂರು ತಿಂಗಳು ನಾವು ಒಂದೇ ತಂಡದಲ್ಲಿದ್ದೆವು. ನಮ್ಮ ವಿಭಾಗ ಮುಚ್ಚಿದ್ದರಿಂದ ಐದು ತಿಂಗಳಿಂದ ಹೊಸ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಸಂಸ್ಥೆಯಲ್ಲಿ ಸಾಗಣೆ ಯೋಜನೆಯ ಹುದ್ದೆಯೊಂದು ಖಾಲಿ ಇದೆ; ಅದರ ಸಂಖ್ಯೆ ಮತ್ತು ಕೊಂಡಿಯನ್ನು ಕೆಳಗೆ ಕೊಟ್ಟಿದ್ದೇನೆ. ಅವರು ಕೇಳಿರುವ ಕೆಲಸದಲ್ಲಿ ಮಾರ್ಗ ಯೋಜನೆ ಮತ್ತು ವಾಹನ ಗುತ್ತಿಗೆ ಎರಡನ್ನೂ ನಾನು ಆರು ವರ್ಷ ನೋಡಿಕೊಂಡಿದ್ದೇನೆ. ನನ್ನ ಹೆಸರನ್ನು ಸೂಚಿಸಲು ನಿಮಗೆ ಸರಿಯೆನಿಸಿದರೆ ಸಂತೋಷ, ರೆಸ್ಯೂಮ್ ಜೊತೆಗಿದೆ. ಆಗದಿದ್ದರೂ ಖಂಡಿತ ಬೇಸರವಿಲ್ಲ. ಆ ವಿಭಾಗ ಹೇಗಿದೆ ಎಂದು ಹತ್ತು ನಿಮಿಷ ಮಾತಾಡಲು ಸಮಯ ಸಿಕ್ಕರೂ ಉಪಕಾರವಾಗುತ್ತದೆ.”

ಇದರಲ್ಲಿ ಹುದ್ದೆಯ ಸಂಖ್ಯೆ ಇರಲೇಬೇಕು. “ನಿಮ್ಮಲ್ಲಿ ಯಾವುದಾದರೂ ಕೆಲಸ ಇದ್ದರೆ ನೋಡಿ” ಎಂದು ಬರುವ ಸಂದೇಶಗಳಿಗೆ ಉತ್ತರ ಕೊಡಬೇಕೆಂದು ನನಗೂ ಮನಸ್ಸಿರುತ್ತದೆ, ಆದರೆ ನೂರಾರು ಹುದ್ದೆಗಳಲ್ಲಿ ಇವರಿಗೆ ಯಾವುದು ಹೊಂದುತ್ತದೆ ಎಂದು ನಾನೇ ಹುಡುಕಬೇಕಾಗುತ್ತದೆ. ಇಂದು ನಾಳೆ ಎಂದು ಮುಂದೂಡುತ್ತಾ ಅದು ಹಾಗೆಯೇ ಉಳಿದುಹೋಗುತ್ತದೆ. ಇಲ್ಲವೆನ್ನಲು ದಾರಿ ಬಿಟ್ಟಿರುವ ಕೊನೆಯ ವಾಕ್ಯವನ್ನೂ ತೆಗೆಯಬೇಡಿ. ಕೆಲವರಿಗೆ ತಮ್ಮ ಸಂಸ್ಥೆಯಲ್ಲಿ ಹೆಸರು ಸೂಚಿಸುವ ಸ್ಥಿತಿ ಇರುವುದಿಲ್ಲ. ಆ ವಾಕ್ಯವಿದ್ದರೆ ಅವರು ಮೌನವಾಗುವ ಬದಲು ಉತ್ತರಿಸುತ್ತಾರೆ. ಒಂದು ವಾರ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಮೂವರಿಗೂ ಒಂದೇ ಸಂದೇಶವನ್ನು ನಕಲು ಮಾಡಿ ಕಳುಹಿಸಬೇಡಿ, ಓದಿದ ತಕ್ಷಣ ಗೊತ್ತಾಗುತ್ತದೆ.

ಉತ್ತರ 5

ಮೇಲಿನ ಸಲಹೆಗಳಲ್ಲಿ ಒಂದನ್ನು ನಾನು ಒಪ್ಪಲಾರೆ. ಕೆಲಸ ಹುಡುಕುವಾಗ ಮನಸ್ಸಿನ ಧೈರ್ಯವೇ ಮುಖ್ಯ. ಗದ್ದದ ಕಾರಣದಿಂದ ಇವರಿಗೆ ಕ್ಯಾಮೆರಾ ಮುಂದೆ ಕೂರಲು ಆಗುತ್ತಿಲ್ಲವೆಂದರೆ ಅದನ್ನು ಮೊದಲು ಸರಿಪಡಿಸುವುದರಲ್ಲಿ ತಪ್ಪೇನಿದೆ? ಯಂತ್ರ ನಿಧಾನವೆನಿಸಿದರೆ ಲೈಪೊಸಕ್ಷನ್ ಇದೆ, ಅದು ಒಂದೇ ದಿನದಲ್ಲಿ ಮುಗಿಯುತ್ತದೆ.

ಉತ್ತರ 6: ಚರ್ಮರೋಗ ವೈದ್ಯೆ

ಧೈರ್ಯದ ಮಾತನ್ನು ನಾನೂ ಗೌರವಿಸುತ್ತೇನೆ. ಆದರೆ ಲೈಪೊಸಕ್ಷನ್‌ನಲ್ಲಿ ಒಂದೇ ದಿನದಲ್ಲಿ ಮುಗಿಯುವುದು ಶಸ್ತ್ರಚಿಕಿತ್ಸೆ ಮಾತ್ರ, ಚೇತರಿಕೆ ಅಲ್ಲ. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ರೂಪಿಸಿದ ಟ್ಯುಮೆಸೆಂಟ್ ವಿಧಾನದಲ್ಲಿ, ಅರಿವಳಿಕೆಯ ಔಷಧವನ್ನೂ ರಕ್ತನಾಳ ಕುಗ್ಗಿಸುವ ಔಷಧವನ್ನೂ ತುಂಬ ತೆಳುವಾದ ದ್ರಾವಣವಾಗಿ ಕೊಬ್ಬಿನೊಳಗೆ ತುಂಬಿ, ಆಮೇಲೆ ತೆಳ್ಳನೆಯ ಕೊಳವೆಯಿಂದ ಹೀರುತ್ತಾರೆ. ಇದರಿಂದ ರಕ್ತಸ್ರಾವ ಬಹಳ ಕಡಿಮೆಯಾಗಿ ಲೈಪೊಸಕ್ಷನ್ ಮೊದಲಿಗಿಂತ ಸುರಕ್ಷಿತವಾಯಿತು, ನಿಜ. ಆದರೂ ಬಿಗಿ ಉಡುಪನ್ನು ಹಲವು ವಾರ ತೊಡಬೇಕು, ಬಾವು ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು. ಸೋಂಕು, ಮೇಲ್ಮೈ ಏರುಪೇರಾಗುವುದು, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಮುಂತಾದ ಅಪಾಯಗಳು ಕಡಿಮೆಯಾದರೂ ಇದ್ದೇ ಇವೆ. ಹರ್ನಿಯಾ ಶಸ್ತ್ರಚಿಕಿತ್ಸೆ ಆಗಿರುವ ಹೊಟ್ಟೆಯಲ್ಲಿ ಆ ಕೊಳವೆ ಆಡಿಸುವ ಮೊದಲು ಹೊಟ್ಟೆಯ ಗೋಡೆ ಗಟ್ಟಿಯಾಗಿದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಲೇಬೇಕು. ನಿಮ್ಮ ವಿಷಯದಲ್ಲಿ ಇದನ್ನು ಕೇಳದೆ ಮುಂಗಡದ ಮಾತಾಡಿದ ಎರಡೂ ಕ್ಲಿನಿಕ್‌ಗಳನ್ನು ಇಲ್ಲಿಗೇ ಬಿಟ್ಟುಬಿಡಿ.

ಕೊಬ್ಬು ಹೀರಿಸಿಕೊಂಡರೆ ಆರೋಗ್ಯವೂ ಸುಧಾರಿಸುತ್ತದೆ ಎಂದು ನಂಬುವವರಿದ್ದಾರೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಥೂಲಕಾಯದ 15 ಮಹಿಳೆಯರ ಹೊಟ್ಟೆಯಿಂದ ತಲಾ ಸುಮಾರು 10 ಕಿಲೊ ಕೊಬ್ಬು ತೆಗೆದು, 10ರಿಂದ 12 ವಾರಗಳ ನಂತರ ಪರೀಕ್ಷಿಸಿದರು. ರಕ್ತದೊತ್ತಡವಾಗಲಿ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯಾಗಲಿ, ಕೊಲೆಸ್ಟರಾಲ್ ಆಗಲಿ ಗಮನಾರ್ಹವಾಗಿ ಸುಧಾರಿಸಿರಲಿಲ್ಲ. ಅಷ್ಟೇ ತೂಕವನ್ನು ಆಹಾರ ಮತ್ತು ವ್ಯಾಯಾಮದಿಂದ ಇಳಿಸಿದ್ದರೆ ಸುಧಾರಿಸುತ್ತಿತ್ತು, ಏಕೆಂದರೆ ಆಗ ಒಳಗಿನ ಕೊಬ್ಬೂ, ಪ್ರತಿ ಕೋಶದ ಗಾತ್ರವೂ ಕುಗ್ಗುತ್ತದೆ.

ಇನ್ನೊಂದು ಮಾತನ್ನು ಎಚ್ಚರಿಕೆಯಿಂದ ಹೇಳುತ್ತೇನೆ, ಪ್ರಶ್ನೆ ಕೇಳಿದವರು ತಪ್ಪು ತಿಳಿಯಬಾರದು. ಕ್ಯಾಮೆರಾ ತೆರೆದರೆ ಬೇರೇನೂ ಕಾಣುವುದಿಲ್ಲ ಎಂದು ನೀವು ಬರೆದಿದ್ದೀರಿ. ಐದು ತಿಂಗಳು ಕೆಲಸವಿಲ್ಲದ ಮನಸ್ಸು ತನ್ನ ನೋವಿಗೆ ದೇಹದಲ್ಲಿ ಒಂದು ಜಾಗ ಹುಡುಕಿಕೊಳ್ಳುವುದನ್ನು ನಾನು ಚಿಕಿತ್ಸಾ ಕೊಠಡಿಯಲ್ಲಿ ಹಲವು ಸಲ ಕಂಡಿದ್ದೇನೆ. ದಿನದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಗದ್ದದ ಯೋಚನೆಯಲ್ಲೇ ಕಳೆಯುತ್ತಿದ್ದರೆ, ಮತ್ತೆ ಮತ್ತೆ ಕನ್ನಡಿ ನೋಡುವಂತಾಗುತ್ತಿದ್ದರೆ ಅಥವಾ ಕನ್ನಡಿಯನ್ನೇ ತಪ್ಪಿಸುವಂತಾಗುತ್ತಿದ್ದರೆ, ಚರ್ಮವೈದ್ಯರಿಗಿಂತ ಮೊದಲು ಆಪ್ತಸಮಾಲೋಚಕರನ್ನು ಕಾಣಿ. ಆ ಸ್ಥಿತಿಯಲ್ಲಿ ಮಾಡಿದ ಚಿಕಿತ್ಸೆ ಎಷ್ಟು ಚೆನ್ನಾಗಿ ಆದರೂ ರೋಗಿಗೆ ಸಮಾಧಾನ ಸಿಗುವುದಿಲ್ಲ.

ಉತ್ತರ 7: ವಿಡಿಯೊ ಚಿತ್ರೀಕರಣ ಮಾಡುವವರು

ಲ್ಯಾಪ್‌ಟಾಪ್ ಮೇಜಿನ ಮೇಲಿದೆಯೇ? ಹಾಗಿದ್ದರೆ ಕ್ಯಾಮೆರಾ ನಿಮ್ಮ ಗದ್ದವನ್ನು ಕೆಳಗಿನಿಂದ ನೋಡುತ್ತಿದೆ, ನೀವು ತೆರೆಯತ್ತ ತಲೆ ಬಗ್ಗಿಸುವುದರಿಂದ ಇಲ್ಲದ ಮಡಿಕೆಯೂ ಮೂಡುತ್ತದೆ. ದಪ್ಪ ಪುಸ್ತಕಗಳನ್ನು ಅಡಿಗಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ತನ್ನಿ. ಒಂದು ತೋಳಿನಷ್ಟಾದರೂ ಹಿಂದೆ ಸರಿದು ಕುಳಿತುಕೊಳ್ಳಿ. ತೀರ ಹತ್ತಿರದಿಂದ ತೆಗೆದರೆ ಮುಖದ ನಡುಭಾಗ ಉಬ್ಬಿ ಕಾಣುತ್ತದೆ. 2018ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದರ ಪ್ರಕಾರ, ಐದು ಅಡಿ ದೂರದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿ ದೂರದಿಂದ ತೆಗೆದದ್ದರಲ್ಲಿ ಮೂಗು ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ. ಬೆಳಕು ಎದುರಿನಿಂದ, ಸ್ವಲ್ಪ ಮೇಲಿನಿಂದ ಬರಲಿ. ನಿಮ್ಮದೇ ಚಿತ್ರ ತೋರಿಸುವ ಚೌಕವನ್ನು ಮುಚ್ಚಿಡುವ ಆಯ್ಕೆ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಅದನ್ನು ಮುಚ್ಚಿಬಿಡಿ, ಆಗ ನಿಮ್ಮ ಕಣ್ಣು ಎದುರಿನವರ ಮೇಲಿರುತ್ತದೆ.

ಉತ್ತರ 8

ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಂತರ್ಜಾಲದಲ್ಲಿ ತರಿಸಿಕೊಂಡು ಮನೆಯಲ್ಲೇ ಚುಚ್ಚಿಕೊಳ್ಳುವ ಕೊಬ್ಬು ಕರಗಿಸುವ ಇಂಜೆಕ್ಷನ್‌ಗಳು ಸಿಗುತ್ತವೆ. ಅನುಮೋದನೆ ಇಲ್ಲದ ಇಂತಹವುಗಳಿಂದ ಕಲೆ, ಸೋಂಕು, ಗಂಟುಗಳಾದ ವರದಿಗಳು ಬಂದಿದ್ದರಿಂದ 2023ರಲ್ಲಿ ಎಫ್‌ಡಿಎ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಅದೇ ಜಾಲತಾಣಗಳಲ್ಲಿ ಹಣ ಕೊಟ್ಟರೆ ದೊಡ್ಡ ಕಂಪನಿಗಳಿಗೆ ರೆಫರಲ್ ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ. ನಿಮ್ಮ ಕೆಲಸವನ್ನು ಕಾಣದವರು ಮಾರುವ ಶಿಫಾರಸನ್ನು ಸಂಸ್ಥೆ ಪತ್ತೆ ಹಚ್ಚಿದರೆ ಇಬ್ಬರ ಹೆಸರೂ ಕೆಡುತ್ತದೆ. ಕೆಲಸವಿಲ್ಲದವರ ಆತುರವನ್ನೇ ಬಂಡವಾಳ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಬಹಳ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ನಿಮ್ಮೆಲ್ಲರ ಮಾತಿನಂತೆ ನಡೆದುಕೊಂಡದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಮೂವರಿಗೆ ಬರೆದೆ. ನಾನು ಹೆಚ್ಚು ನಂಬಿದ್ದ ಹತ್ತಿರದ ಸ್ನೇಹಿತರು ಕೂಡಲೇ ಒಪ್ಪಿದರು, ಆದರೆ ಅವರ ಸಂಸ್ಥೆಗೆ ನಾನು ಎರಡು ತಿಂಗಳ ಹಿಂದೆ ನೇರವಾಗಿ ಅರ್ಜಿ ಹಾಕಿದ್ದರಿಂದ ಪೋರ್ಟಲ್ ನನ್ನ ಹೆಸರನ್ನು ಸ್ವೀಕರಿಸಲಿಲ್ಲ. ಎರಡನೆಯವರಿಂದ ಉತ್ತರ ಬಂದಿಲ್ಲ. ಒಂದು ಸಲ ನೆನಪಿಸಿ ಸುಮ್ಮನಾಗಿದ್ದೇನೆ. ಮೂರನೆಯವರೊಂದಿಗೆ ನಾನು ಮೂರು ತಿಂಗಳು ಮಾತ್ರ ಕೆಲಸ ಮಾಡಿದ್ದೆ, ಅವರಿಗೆ ನನ್ನ ನೆನಪಿರುತ್ತದೆಯೋ ಇಲ್ಲವೋ ಎಂದೇ ಅಂಜಿದ್ದೆ. ಅವರು ಅದೇ ಸಂಜೆ ಫೋನ್ ಮಾಡಿ, ತಮ್ಮ ಸಂಸ್ಥೆಯಲ್ಲಿ ನಾನು ಸೂಚಿಸಿದ ಹುದ್ದೆಗಿಂತ ಹೆಚ್ಚು ಹೊಂದುವ ಇನ್ನೊಂದು ಹುದ್ದೆ ಮುಂದಿನ ವಾರ ಬರಲಿದೆ, ಅಲ್ಲಿಯವರೆಗೆ ಅರ್ಜಿ ಹಾಕಬೇಡಿ ಎಂದರು. ಅದರಂತೆ ಅವರ ಮೂಲಕವೇ ಹೆಸರು ಹೋಯಿತು. ನಾಲ್ಕನೆಯ ದಿನ ಎಚ್‌ಆರ್ ವಿಭಾಗದಿಂದ ಕರೆ ಬಂತು. ಮುಂದಿನ ಗುರುವಾರ ಸಂದರ್ಶನವಿದೆ.

ಗದ್ದವನ್ನು ಒಬ್ಬ ತಜ್ಞರಿಗೆ ತೋರಿಸಿದೆ. ಕೈಯಿಂದ ಮುಟ್ಟಿ, ಪಕ್ಕದಿಂದ ನೋಡಿ, ಕೊಬ್ಬು ಸ್ವಲ್ಪವೇ ಇದೆ, ಹೆಚ್ಚಿನದು ಕೆಳದವಡೆ ಹಿಂದಕ್ಕಿರುವುದರಿಂದ ಬಂದದ್ದು ಎಂದರು. ಹೆಪ್ಪುಗಟ್ಟಿಸುವ ಯಂತ್ರದಿಂದಾಗಲಿ ಇಂಜೆಕ್ಷನ್‌ನಿಂದಾಗಲಿ ನಾನು ನಿರೀಕ್ಷಿಸುವ ಬದಲಾವಣೆ ಬರುವುದಿಲ್ಲವಂತೆ. ಹೊಟ್ಟೆಯ ವಿಷಯವನ್ನು ಸ್ಕ್ಯಾನ್ ಆಗುವವರೆಗೆ ಮುಟ್ಟುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಸದ್ಯಕ್ಕೆ ಎರಡನ್ನೂ ಕೈಬಿಟ್ಟಿದ್ದೇನೆ. ಸಮಾಲೋಚಕರೊಬ್ಬರನ್ನು ಒಮ್ಮೆ ಕಂಡಿದ್ದೇನೆ, ಇನ್ನೊಮ್ಮೆ ಹೋಗುತ್ತೇನೆ. ಕ್ಯಾಮೆರಾದ ಅಡಿಗೆ ಪುಸ್ತಕಗಳು ಬಂದಿವೆ, ನನ್ನ ಚೌಕ ಮುಚ್ಚಿದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಹೆಸರು ಸೂಚಿಸಿದವರಿಗೆ ಸಂದರ್ಶನದ ದಿನಾಂಕವನ್ನು ತಿಳಿಸಬೇಕೇ, ಅಥವಾ ಫಲಿತಾಂಶ ಬಂದ ಮೇಲೆ ಹೇಳಿದರೆ ಸಾಕೇ?

ಉತ್ತರ 9: ಹಲವರನ್ನು ರೆಫರ್ ಮಾಡಿರುವವರು

ಇಂದೇ ತಿಳಿಸಿ. ದಿನಾಂಕ, ಸಂದರ್ಶನ ಮಾಡುವವರ ಹೆಸರು ಗೊತ್ತಿದ್ದರೆ ಅದನ್ನೂ ಬರೆದು, ಆ ತಂಡಕ್ಕೆ ಈಗ ಯಾವ ಕೆಲಸ ಭಾರವಾಗಿದೆ ಎಂದು ಕೇಳಿ. ಒಳಗಿರುವವರಿಗೆ ಅದು ಗೊತ್ತಿರುತ್ತದೆ, ಹುದ್ದೆಯ ಜಾಹೀರಾತಿನಲ್ಲಿ ಇರುವುದಿಲ್ಲ. ಗುರುವಾರ ಸಂಜೆ, ಹೇಗಾಯಿತು ಎಂದು ಅವರು ಕೇಳುವ ಮೊದಲೇ ಎರಡು ಸಾಲು ಬರೆಯಿರಿ. ಕೆಲಸ ಆದರೂ ಆಗದಿದ್ದರೂ ಹಾಗೆಯೇ ಮಾಡಿ.